ಉತ್ತಮ ಪುರುಷನ ತಲೆಸುತ್ತು

ವ್ಯಾಕರಣದ ತರಗತಿಯಲ್ಲಿ ಪ್ರತಿ ವರ್ಷವೂ ತಪ್ಪದೆ ನಗೆಯನ್ನೆಬ್ಬಿಸುವ ಸಂಗತಿಯೊಂದುಂಟು. ನಮ್ಮ ವೈಯಾಕರಣರು ‘ನಾನು’ ಎಂಬವನನ್ನು ಉತ್ತಮ ಪುರುಷನೆಂದೂ, ‘ನೀನು’ ಎಂಬವನನ್ನು ಮಧ್ಯಮ ಪುರುಷನೆಂದೂ, ‘ಅವನು’ ಎಂಬವನನ್ನು ಪ್ರಥಮ ಪುರುಷನೆಂದೂ ಕರೆದರು. ಇಂಗ್ಲಿಷಿನವರು ಎಣಿಕೆಯನ್ನು ತಮ್ಮಿಂದಲೇ ಆರಂಭಿಸಿ ‘ನಾನು’ ಎಂಬುದಕ್ಕೆ ಫಸ್ಟ್ ಪರ್ಸನ್ ಎಂದು ಹೆಸರಿಟ್ಟರು. ಹೀಗಾಗಿ ನಮ್ಮ ಪ್ರಥಮನು ಅವರಿಗೆ ಮೂರನೆಯವನು; ಅವರ ಮೊದಲಿಗನು ನಮಗೆ ಉತ್ತಮನು. ಮಕ್ಕಳು ಇದನ್ನು ಕೇಳಿ ನಗುತ್ತಾರೆ. ಆಮೇಲೆ ಪರೀಕ್ಷೆಯಲ್ಲಿ ಎರಡನ್ನೂ ಬೆರೆಸಿ ಬರೆದು ನಮ್ಮನ್ನು ನಗಿಸುತ್ತಾರೆ.

ಈ ಪುರುಷ ವಿಚಾರ ಈಗ ವ್ಯಾಕರಣದ ಪುಸ್ತಕವನ್ನು ಬಿಟ್ಟು ಆಟದ ಮನೆಯನ್ನು ಹೊಕ್ಕು ಬಹಳ ಕಾಲವಾಯಿತು. ಕಂಪ್ಯೂಟರಿನ ತೆರೆಯ ಮೇಲೆ ಆಡುವ ವಿಡಿಯೊ ಆಟಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ನಾಯಕನ ಬೆನ್ನು ನಮಗೆ ಕಾಣುತ್ತಿರುತ್ತದೆ. ಅವನು ಓಡಿದರೆ ಓಡುವುದನ್ನೂ ಬಿದ್ದರೆ ಬೀಳುವುದನ್ನೂ ನಾವು ಹಿಂದಿನಿಂದ ನೋಡುತ್ತೇವೆ. ಇದು ಪ್ರಥಮ ಪುರುಷದ ಆಟ. ಇನ್ನೊಂದರಲ್ಲಿ ನಾಯಕನೇ ಕಾಣುವುದಿಲ್ಲ. ತೆರೆಯ ಕೆಳಗಡೆ ಎರಡು ಕೈಗಳು, ಕೈಯಲ್ಲೊಂದು ಆಯುಧವೋ ದೀಪವೋ. ಉಳಿದದ್ದೆಲ್ಲ ಅವನ ಕಣ್ಣಿಗೆ ಬಿದ್ದ ಲೋಕ. ಅವನು ಕತ್ತು ತಿರುಗಿಸಿದರೆ ಲೋಕವೇ ತಿರುಗುತ್ತದೆ. ಇದು ಉತ್ತಮ ಪುರುಷದ ಆಟ. ಇಂಗ್ಲಿಷಿನಲ್ಲಿ ಇದಕ್ಕೆ ಫಸ್ಟ್ ಪರ್ಸನ್ ಗೇಮ್ ಎಂದೇ ಹೆಸರು.

ಉತ್ತಮ ಪುರುಷದಲ್ಲಿ ಬರೆದ ಕಾದಂಬರಿಗಳನ್ನು ನಾವೆಲ್ಲರೂ ಬೇಕಾದಷ್ಟು ಓದಿದ್ದೇವೆ. ಅವುಗಳಿಂದ ಅಳು ಬಂದಿರಬಹುದು, ನಿದ್ದೆ ಕೆಟ್ಟಿರಬಹುದು. ಕೆಲವು ಕಾದಂಬರಿಗಳಿಂದ ವಾಕರಿಕೆ ಬಂದುದೂ ಉಂಟು. ಆದರೆ ಅದಕ್ಕೆ ಕಾರಣ ಸರ್ವನಾಮವಲ್ಲ. ಈ ಆಟಗಳಲ್ಲಾದರೋ ಸರ್ವನಾಮವೇ ಹೊಟ್ಟೆಯನ್ನು ತೊಳಸುತ್ತದೆ. ‘ಅವನ’ ಆಟವನ್ನು ಗಂಟೆಗಟ್ಟಲೆ ಆಡಬಲ್ಲ ಮನುಷ್ಯನು ‘ನನ್ನ’ ಆಟಕ್ಕೆ ಕುಳಿತ ಹತ್ತು ನಿಮಿಷಕ್ಕೆ ಬೆವರಿ, ಬಿಳಿಚಿಕೊಂಡು, ಬಾಯಲ್ಲಿ ನೀರೂರಿ, ತಲೆ ಹಿಡಿದುಕೊಂಡು ಏಳುತ್ತಾನೆ. ಕುಳಿತ ಕುರ್ಚಿ ಒಂದಂಗುಲವೂ ಅಲುಗಿಲ್ಲ. ಆದರೂ ಘಟ್ಟ ಇಳಿದ ಬಸ್ಸಿನಿಂದ ಇಳಿದವನ ಸ್ಥಿತಿ. ಇದು ಏಕೆ?

ಪ್ರಶ್ನೆಯನ್ನು ನನ್ನ ಮುಂದಿಟ್ಟವನು ನನ್ನ ಅಣ್ಣನ ಮಗ. ಗಣಕ ವಿಜ್ಞಾನವನ್ನು ಓದುತ್ತಿರುವ ಹುಡುಗ. ಆಟಗಳನ್ನು ಆಡುವುದಕ್ಕಿಂತ ಕಟ್ಟುವುದರಲ್ಲಿ ಅವನಿಗೆ ಹೆಚ್ಚು ಆಸೆ. ಬೇಸಗೆಯ ರಜದಲ್ಲಿ ನಮ್ಮ ಮನೆಗೆ ಬಂದಿದ್ದಾಗ, ಒಂದು ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು, “ಚಿಕ್ಕಪ್ಪ, ಒಂದು ಮಾತು ಹೇಳುತ್ತೇನೆ. ಅಪ್ಪನಿಗೆ ತಿಳಿಯಬಾರದು” ಎಂದನು. ಇಪ್ಪತ್ತು ವರ್ಷದ ಹುಡುಗ ಹೀಗೆ ಆರಂಭಿಸಿದಾಗ ಚಿಕ್ಕಪ್ಪನಾದವನು ಏನೇನನ್ನು ಊಹಿಸಬಹುದೋ ಅದನ್ನೆಲ್ಲ ನಾನು ಊಹಿಸಿದೆನು. ವಿಷಯ ಅದಾವುದೂ ಆಗಿರಲಿಲ್ಲ. ಉತ್ತಮ ಪುರುಷದ ಆಟಗಳನ್ನು ಕಾಲು ಗಂಟೆ ಆಡಿದರೆ ಅವನಿಗೆ ವಾಂತಿಯಾಗುತ್ತದೆ. ಹಾಸ್ಟೆಲಿನ ಗೆಳೆಯರು ಅವನಿಗೆ ‘ನಿಂಬೆಹಣ್ಣು’ ಎಂದು ಹೆಸರಿಟ್ಟಿದ್ದಾರೆ. ಬಸ್ಸಿನಲ್ಲಿ ಮೂಗಿಗೆ ನಿಂಬೆಹಣ್ಣು ಹಿಡಿದು ಕೂರುವವರ ನೆನಪಿನಿಂದ. ಸಂಜೆ ಎಲ್ಲರೂ ಸೇರಿ ಆಡುವಾಗ ಇವನು ತಲೆನೋವಿನ ನೆಪ ಹೇಳಿ ಹೊರಗೆ ಹೋಗುತ್ತಾನೆ. ಮುಂದಿನ ವರ್ಷ ಕೊನೆಯ ಯೋಜನೆಗೆ ವಿಷಯವನ್ನು ಆರಿಸಿಕೊಳ್ಳಬೇಕು. “ಈಜು ಬಾರದವನು ದೋಣಿ ಕಟ್ಟುವುದಕ್ಕೆ ಹೋದ ಹಾಗೆ ಆಯಿತಲ್ಲ, ಚಿಕ್ಕಪ್ಪ. ಬ್ಯಾಂಕಿನ ಪರೀಕ್ಷೆಗೆ ಓದಿಕೊಳ್ಳಲೆ?” ಎಂದು ಕೇಳಿದನು.

ಅವನ ಪಕ್ಕದಲ್ಲಿ ಕುಳಿತು ನಾನೂ ಒಂದು ಆಟವನ್ನು ಆಡಿ ನೋಡಿದೆನು. ಉದ್ದನೆಯ ಓಣಿ, ಓಣಿಯ ಕೊನೆಗೆ ಬಾಗಿಲು, ಬಾಗಿಲಾಚೆ ಮತ್ತೊಂದು ಓಣಿ. ಮೌಸನ್ನು ಸ್ವಲ್ಪ ಸರಿಸಿದರೆ ಗೋಡೆಗಳು ಸರ್ರನೆ ಹರಿದು ಹೋಗುತ್ತಿದ್ದುವು. ಎಂಟನೆಯ ನಿಮಿಷಕ್ಕೆ ಆಕಳಿಕೆ, ಹತ್ತನೆಯ ನಿಮಿಷಕ್ಕೆ ಹಣೆಯಲ್ಲಿ ತಣ್ಣನೆಯ ಬೆವರು. ಹನ್ನೆರಡನೆಯ ನಿಮಿಷಕ್ಕೆ ಎದ್ದು ಹಿತ್ತಿಲಿಗೆ ಹೋದೆನು. ಹುಡುಗನ ಮುಖದಲ್ಲಿ, ಪಾಪ, ಒಂದು ಬಗೆಯ ನೆಮ್ಮದಿ ಕಂಡಿತು. ಆ ರಾತ್ರಿಯಿಂದ ಈ ವಿಷಯದ ಬಗ್ಗೆ ಓದತೊಡಗಿದೆನು. ಓದಿದಷ್ಟೂ ಇದು ವೈದ್ಯರಿಗೂ ಎಂಜಿನಿಯರುಗಳಿಗೂ ಮಾತ್ರ ಸೇರಿದ ಸಂಗತಿಯಲ್ಲವೆಂದು ತೋರಿತು.

ಭ್ರಮ, ಭ್ರಮೆ, ಪರಿಭ್ರಮಣ

ಮೊದಲು ಶಬ್ದವನ್ನೇ ನೋಡೋಣ. ಸಂಸ್ಕೃತದ ‘ಭ್ರಮ್’ ಧಾತುವಿಗೆ ಸುತ್ತು, ಅಲೆ ಎಂದು ಅರ್ಥ. ಗ್ರಹಗಳು ಸುತ್ತುವುದು ಪರಿಭ್ರಮಣ. ಆಯುರ್ವೇದದಲ್ಲಿ ಭ್ರಮವೆಂದರೆ ತಲೆಸುತ್ತು. ನಮ್ಮ ನಿತ್ಯದ ಮಾತಿನಲ್ಲಿ ಭ್ರಮೆಯೆಂದರೆ ಇಲ್ಲದ್ದನ್ನು ಇದೆಯೆಂದು ತಿಳಿಯುವುದು. ಸುತ್ತುವುದು, ತಲೆಸುತ್ತುವುದು, ಇಲ್ಲದ್ದನ್ನು ಕಾಣುವುದು ಈ ಮೂರನ್ನೂ ಒಂದೇ ಧಾತುವಿನಲ್ಲಿ ಕಟ್ಟಿಟ್ಟ ಹಿರಿಯರು, ಈ ಆಟಗಳನ್ನು ಆಡದೆಯೇ ಅವುಗಳ ರೋಗವನ್ನು ಗುರುತಿಸಿದಂತಿದೆ. ಗ್ರೀಕರ ಶಬ್ದದ ದಾರಿ ಬೇರೆ. ವಾಕರಿಕೆಗೆ ಇಂಗ್ಲಿಷಿನಲ್ಲಿ ಹೇಳುವ ‘ನಾಸಿಯಾ’ ಎಂಬುದು ಗ್ರೀಕಿನ ‘ನೌಸ್’ ಎಂಬುದರಿಂದ ಹುಟ್ಟಿತು. ನೌಸ್ ಎಂದರೆ ಹಡಗು, ನಮ್ಮ ‘ನೌಕೆ’ಯ ನೆಂಟ. ಸಮುದ್ರದ ಮೇಲೆ ಹೋದವರಿಗೆ ಆಗುವುದೇ ವಾಕರಿಕೆ ಎಂದು ಅವರ ಲೆಕ್ಕ. ೧೮೩೧ರಿಂದ ೧೮೩೬ರವರೆಗೆ ಬೀಗಲ್ ಹಡಗಿನಲ್ಲಿ ಲೋಕವನ್ನು ಸುತ್ತಿದ ಚಾರ್ಲ್ಸ್ ಡಾರ್ವಿನ್ನನು ಆ ಯಾನದುದ್ದಕ್ಕೂ ಕಡಲಬೇನೆಯಿಂದ ನರಳಿದನು. ಇಂಗ್ಲೆಂಡಿನ ನೌಕಾ ಸೇನಾನಿ ನೆಲ್ಸನ್ನನಿಗೂ ಅದು ತಪ್ಪಿರಲಿಲ್ಲ. ವಾಂತಿ ಮಾಡಿಕೊಳ್ಳುವವನು ಹೇಡಿಯೆಂದು ಯಾರಾದರೂ ಹೇಳಿದರೆ ಈ ಎರಡು ಹೆಸರುಗಳು ಸಾಕು.

ದೇಹದೊಳಗಿನ ಏರ್ಪಾಡನ್ನು ತಿಳಿಯುವುದಕ್ಕೆ ‘ಅಪ್ಪಾಲೆ ತಿಪ್ಪಾಲೆ’ಯನ್ನು ನೆನೆದುಕೊಂಡರೆ ಸಾಕು. ಚಿಕ್ಕವರಾಗಿದ್ದಾಗ ಕೈ ಹಿಡಿದು ಗಿರಗಿರನೆ ಸುತ್ತಿ, ನಿಂತ ಮೇಲೂ ಅಂಗಳ ಸುತ್ತುವುದನ್ನು ನೋಡಿ ಕೇಕೆ ಹಾಕಿದವರೇ ನಾವೆಲ್ಲ. ಕಿವಿಯ ಒಳಭಾಗದಲ್ಲಿ, ಕೇಳುವ ಅಂಗಕ್ಕೆ ಅಂಟಿಕೊಂಡಂತೆ, ಮೂರು ದಿಕ್ಕಿಗೆ ಬಾಗಿದ ಮೂರು ಅರ್ಧವರ್ತುಲ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದರೆ ದ್ರವ ಹಿಂದುಳಿದು, ಅಲ್ಲಿರುವ ಸೂಕ್ಷ್ಮವಾದ ಕೂದಲ ಕೋಶಗಳನ್ನು ಬಾಗಿಸಿ ‘ತಿರುಗುತ್ತಿದ್ದೇನೆ’ ಎಂದು ಮಿದುಳಿಗೆ ಸುದ್ದಿ ಕಳುಹಿಸುತ್ತದೆ. ನಾವು ನಿಂತರೂ ದ್ರವ ಸ್ವಲ್ಪ ಹೊತ್ತು ಓಡುತ್ತಿರುತ್ತದೆ. ಅಂಗಳ ಸುತ್ತುವುದು ಆಗ. ನಾಳಗಳ ಪಕ್ಕದಲ್ಲಿಯೇ ಸುಣ್ಣದ ಸಣ್ಣ ಹರಳುಗಳನ್ನು ಹೊತ್ತ ಎರಡು ಚೀಲಗಳುಂಟು. ಮುಂದೆ ಸಾಗುವುದು, ಮೇಲೇರುವುದು, ಓರೆಯಾಗುವುದು ಇವುಗಳ ಸುದ್ದಿ ಅವುಗಳದ್ದು. ಈ ಏರ್ಪಾಡಿನ ರಹಸ್ಯವನ್ನು ಬಿಡಿಸಿದವರಲ್ಲಿ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ಮುಖ್ಯನು. ಕಿವಿಯನ್ನು ತಣ್ಣೀರಿನಿಂದ ತೊಳೆದರೆ ರೋಗಿಗೆ ತಲೆ ಸುತ್ತುತ್ತದೆ, ಬಿಸಿನೀರಾದರೆ ಕಣ್ಣುಗಳು ಎದುರು ದಿಕ್ಕಿಗೆ ಅದುರುತ್ತವೆ ಎಂಬ ಸಣ್ಣ ಸಂಗತಿಯಿಂದ ಅವನು ದೊಡ್ಡ ತತ್ತ್ವವನ್ನು ಹಿಡಿದನು. ೧೯೧೪ರ ನೊಬೆಲ್ ಬಹುಮಾನ ಅವನಿಗೆ ಬಂದಾಗ ಅವನು ರಷ್ಯದಲ್ಲಿ ಯುದ್ಧಕೈದಿಯಾಗಿದ್ದನು.

ಚಲನೆಯನ್ನು ಅರಿಯುವ ಕೆಲಸ ಕಿವಿಯೊಂದರದೇ ಅಲ್ಲ. ಕಣ್ಣಿಗೂ ಅದರಲ್ಲಿ ಪಾಲುಂಟು. ನಿಲ್ದಾಣದಲ್ಲಿ ನಿಂತ ರೈಲಿನಲ್ಲಿ ಕುಳಿತಿರುವಾಗ ಪಕ್ಕದ ಹಳಿಯ ರೈಲು ಹೊರಟರೆ, ನಮ್ಮದೇ ಹೊರಟಿತೆಂದು ಒಂದು ಕ್ಷಣ ಅನ್ನಿಸುತ್ತದಲ್ಲವೆ? ಆಸ್ಟ್ರಿಯದ ವಿಜ್ಞಾನಿ ಅರ್ನ್ಸ್ಟ್ ಮಾಖ್ ೧೮೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಲನೆಯ ಅನುಭವವನ್ನು ಕುರಿತು ವಿಸ್ತಾರವಾಗಿ ಬರೆದನು. ಕಣ್ಣಿನಿಂದ ಹುಟ್ಟುವ ಈ ಹುಸಿ ಚಲನೆಗೆ ಇಂದಿನ ವಿಜ್ಞಾನಿಗಳು ‘ವೆಕ್ಷನ್’ ಎನ್ನುತ್ತಾರೆ.

ಇದನ್ನೇ ಬಂಡವಾಳ ಮಾಡಿಕೊಂಡ ಆಟವೊಂದು ವಿಡಿಯೊ ಆಟಗಳಿಗಿಂತ ಬಹಳ ಮೊದಲೇ ಅಮೆರಿಕದಲ್ಲಿ ಇದ್ದಿತು. ೧೮೯೪ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಚಳಿಗಾಲದ ಜಾತ್ರೆಯಲ್ಲಿ ‘ದೆವ್ವದ ಉಯ್ಯಾಲೆ’ ಎಂಬುದನ್ನು ಕಟ್ಟಿದ್ದರು. ಕೋಣೆಯ ನಡುವೆ ದೊಡ್ಡ ಉಯ್ಯಾಲೆ. ಜನ ಕುಳಿತ ಮೇಲೆ ಅದು ಜೀಕತೊಡಗಿ, ಏರಿ ಏರಿ, ಕೊನೆಗೆ ತಲೆಕೆಳಗಾಗಿ ಪೂರ್ತಿ ಸುತ್ತಿದಂತೆ ಅನ್ನಿಸುತ್ತಿತ್ತು. ನಿಜವಾಗಿ ಉಯ್ಯಾಲೆ ಹೆಚ್ಚು ಕಡಮೆ ನಿಂತಲ್ಲೇ ಇರುತ್ತಿತ್ತು, ತಿರುಗುತ್ತಿದ್ದುದು ಕೋಣೆ! ಮೇಜು ಕುರ್ಚಿಗಳನ್ನೆಲ್ಲ ನೆಲಕ್ಕೆ ಬಿಗಿದಿದ್ದರು. ಇದನ್ನು ಕಂಡ ಭೌತವಿಜ್ಞಾನಿ ರಾಬರ್ಟ್ ವುಡ್ ೧೮೯೫ರಲ್ಲಿ ಒಂದು ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಅದರ ವರ್ಣನೆಯನ್ನು ಬರೆದನು. ಹೊರಗೆ ಬರುವಾಗ ತಲೆ ಸುತ್ತಿ ವಾಕರಿಕೆಯಿಂದ ಬಳಲಿದವರೂ ಇದ್ದರೆಂದು ಅವನ ಮಾತು. ಉತ್ತಮ ಪುರುಷದ ಆಟದಲ್ಲಿ ನಡೆಯುವುದು ಇದೇ: ಕುರ್ಚಿ ನಿಂತಿದೆ, ಕೋಣೆ ತಿರುಗುತ್ತಿದೆ.

ಎರಡು ಸಾಕ್ಷಿಗಳ ಜಗಳ

ಈಗ ಕಾರಣಕ್ಕೆ ಬರೋಣ. ವಿದ್ವಾಂಸರು ಹೆಚ್ಚಾಗಿ ಒಪ್ಪುವ ವಾದ ಇದು: ಚಲಿಸುತ್ತಿದ್ದೇನೆ ಎಂದು ಕಣ್ಣು ಸಾಕ್ಷಿ ಹೇಳುತ್ತದೆ, ಇಲ್ಲ, ಕುಳಿತಿದ್ದೇನೆ ಎಂದು ಕಿವಿ ಸಾಕ್ಷಿ ಹೇಳುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡ ಮಿದುಳು ತತ್ತರಿಸುತ್ತದೆ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಮತ್ತು ಅವನ ಸಹೋದ್ಯೋಗಿ ಬ್ರ್ಯಾಂಡ್ ಅವರು ೧೯೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಬೆಳೆಸಿದರು. ರೀಸನ್ ಒಂದು ಹೆಜ್ಜೆ ಮುಂದೆ ಹೋಗಿ, ಜಗಳ ಕಣ್ಣು ಕಿವಿಗಳದು ಮಾತ್ರವಲ್ಲ, ಇಂದಿನ ಅನುಭವಕ್ಕೂ ಹಳೆಯ ರೂಢಿಗೂ ಆದದ್ದು ಎಂದನು. ಕಣ್ಣು ಹೀಗೆ ಕಂಡಾಗ ಕಿವಿ ಹೀಗೆ ಹೇಳಬೇಕೆಂದು ಮಿದುಳು ಬಾಲ್ಯದಿಂದ ಲೆಕ್ಕ ಬರೆದಿಟ್ಟುಕೊಂಡಿದೆ. ಆ ಲೆಕ್ಕ ತಾಳೆಯಾಗದಿದ್ದಾಗ ಬೇನೆ.

ಒಳಗಿವಿಯಿಲ್ಲದೆ ಈ ಬೇನೆಯಿಲ್ಲವೆಂಬುದಕ್ಕೆ ಒಳ್ಳೆಯ ಸಾಕ್ಷ್ಯಗಳುಂಟು. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸನು ೧೮೮೨ರಲ್ಲಿ ಕಿವುಡರನ್ನು ಕುರಿತು ವಿಚಾರಣೆ ನಡೆಸಿ, ಅವರಲ್ಲಿ ಅನೇಕರಿಗೆ ಎಷ್ಟು ಸುತ್ತಿಸಿದರೂ ತಲೆ ಸುತ್ತುವುದಿಲ್ಲವೆಂದು ಪ್ರಕಟಿಸಿದನು. ೧೯೫೮ರಿಂದ ಮುಂದೆ ಹತ್ತು ವರ್ಷದಷ್ಟು ಕಾಲ, ಗಗನಯಾನದ ಸಿದ್ಧತೆಗಾಗಿ ಅಮೆರಿಕದ ನೌಕಾಪಡೆಯ ವೈದ್ಯರು ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಿಂದ ೧೧ ಮಂದಿ ಕಿವುಡರನ್ನು ಆರಿಸಿಕೊಂಡು ಪ್ರಯೋಗಗಳನ್ನು ನಡೆಸಿದರು. ಒಬ್ಬರ ಹೊರತು ಉಳಿದವರೆಲ್ಲರೂ ಮಿದುಳು ಪೊರೆಯ ಜ್ವರದಲ್ಲಿ ಒಳಗಿವಿಯನ್ನು ಕಳೆದುಕೊಂಡವರು. ನೋವಾಸ್ಕೋಶಿಯದ ತೀರದಾಚೆ ಅಬ್ಬರಿಸುವ ಕಡಲಿನಲ್ಲಿ ಅವರನ್ನು ದೋಣಿಯಲ್ಲಿ ಕರೆದೊಯ್ದಾಗ ಅವರು ಹಾಯಾಗಿ ಇಸ್ಪೀಟು ಆಡುತ್ತ ಕುಳಿತರು, ಪ್ರಯೋಗ ನಡೆಸಬೇಕಾದ ವಿಜ್ಞಾನಿಗಳೇ ವಾಂತಿ ಮಾಡಿಕೊಂಡು ಮಲಗಿದರು, ಪ್ರಯೋಗವನ್ನು ಕೈಬಿಡಬೇಕಾಯಿತು. ‘ಕುಂದು’ ಎಂದು ನಾವು ಸುಲಭವಾಗಿ ಹೇಳಿಬಿಡುವುದು ಎಲ್ಲಿ ಬಲವಾಗುತ್ತದೆ ಎಂಬುದನ್ನು ಹೇಳಬಲ್ಲವರು ಯಾರು?

ಆದರೆ ಕಣ್ಣು ಕಿವಿಗಳ ಜಗಳಕ್ಕೆ ಹೊಟ್ಟೆಯೇಕೆ ದಂಡ ತೆರಬೇಕು? ಇದಕ್ಕೆ ೧೯೭೭ರಲ್ಲಿ ಮೈಕೇಲ್ ಟ್ರೀಸ್ಮನ್ ಒಂದು ಸೊಗಸಾದ ಊಹೆಯನ್ನು ಮಂಡಿಸಿದನು. ಪ್ರಕೃತಿಯಲ್ಲಿ ಕಣ್ಣು ಕಿವಿಗಳ ಹೊಂದಾಣಿಕೆ ಕೆಡುವುದು ವಿಷದ ಕಾಯನ್ನೋ ಬೇರನ್ನೋ ತಿಂದಾಗ. ಆದ್ದರಿಂದ ಹೊಂದಾಣಿಕೆ ತಪ್ಪಿದೊಡನೆ ಮಿದುಳು ‘ಏನೋ ತಿನ್ನಬಾರದ್ದನ್ನು ತಿಂದೆ, ಹೊರಗೆ ಹಾಕು’ ಎಂದು ಅಪ್ಪಣೆ ಮಾಡುತ್ತದೆ. ಇದು ಊಹೆ, ಎಲ್ಲರೂ ಒಪ್ಪಿದ್ದಲ್ಲ. ೧೯೯೧ರಲ್ಲಿ ರಿಚಿಯೊ ಮತ್ತು ಸ್ಟಾಫ್ರೆಗನ್ ಎಂಬವರು ಜಗಳದ ವಾದವನ್ನೇ ಬದಿಗಿಟ್ಟು, ದೇಹ ತನ್ನ ನಿಲುವಿನ ಹಿಡಿತವನ್ನು ಕಳೆದುಕೊಂಡಿರುವುದೇ ಬೇನೆಗೆ ಮೂಲವೆಂದರು. ಪಂಡಿತರಲ್ಲಿ ಭಿನ್ನಾಭಿಪ್ರಾಯ ಇನ್ನೂ ಉಂಟು. ಆದರೂ ಟ್ರೀಸ್ಮನ್ನನ ಊಹೆಯಲ್ಲಿ ನನಗೆ ಹಿತವಾದದ್ದು ಇದು: ವಾಂತಿ ಮಾಡಿಕೊಳ್ಳುವ ದೇಹ ದುರ್ಬಲವಾದ ದೇಹವಲ್ಲ, ಕಾವಲುಗಾರ ಎಚ್ಚರವಾಗಿರುವ ದೇಹ.

ಹಳಬರಿಗೇ ಹೆಚ್ಚು

ತೆರೆಯ ಮುಂದಿನ ತಲೆಸುತ್ತು ಮೊದಲು ದಾಖಲಾದದ್ದು ಆಟದಲ್ಲಿ ಅಲ್ಲ. ೧೯೫೭ರಲ್ಲಿ ಅಮೆರಿಕದ ನೌಕಾಪಡೆಯವರು ಹೆಲಿಕಾಪ್ಟರ್ ಹಾರಿಸುವುದನ್ನು ನೆಲದ ಮೇಲೆಯೇ ಕಲಿಸುವ ಅನುಕರಣ ಯಂತ್ರವನ್ನು ಪರೀಕ್ಷಿಸಿದಾಗ, ಅದರಲ್ಲಿ ಕುಳಿತವರು ವಾಕರಿಕೆಯನ್ನು ಹೇಳಿಕೊಂಡರು. ಸೋಜಿಗವೆಂದರೆ, ಹೊಸ ವಿದ್ಯಾರ್ಥಿಗಳಿಗಿಂತ ನುರಿತ ಪೈಲಟರಿಗೆ ತೊಂದರೆ ಹೆಚ್ಚಾಯಿತು. ರೂಢಿಯ ಲೆಕ್ಕದ ವಾದ ಇಲ್ಲಿ ಚೆನ್ನಾಗಿ ಹೊಂದುತ್ತದೆ. ನಿಜವಾದ ಹಾರಾಟದಲ್ಲಿ ಮೈ ಹೇಗೆ ವಾಲಬೇಕೆಂಬುದನ್ನು ಹೊಸಬನ ದೇಹ ಅರಿಯದು. ಹಳಬನ ದೇಹ ಅರಿತಿದೆ. ಅರಿತದ್ದಕ್ಕೇ ಮೋಸವನ್ನು ಹಿಡಿದುಬಿಡುತ್ತದೆ. ಈ ಬೇನೆಯನ್ನು ಅಳೆಯುವುದಕ್ಕೆ ೧೯೯೩ರಲ್ಲಿ ಕೆನಡಿ ಮತ್ತು ಸಂಗಡಿಗರು ೧೬ ಲಕ್ಷಣಗಳ ಪ್ರಶ್ನಾವಳಿಯೊಂದನ್ನು ರಚಿಸಿದರು. ಇಂದಿಗೂ ಸಂಶೋಧಕರು ಬಳಸುವುದು ಹೆಚ್ಚಾಗಿ ಅದನ್ನೇ.

ಅದೇ ವರ್ಷ ಟೆಕ್ಸಸಿನ ಇಡ್ ಸಾಫ್ಟ್‌ವೇರ್ ಎಂಬ ಚಿಕ್ಕ ತಂಡ ‘ಡೂಮ್’ ಆಟವನ್ನು ಬಿಡುಗಡೆ ಮಾಡಿತು. ಅದಕ್ಕೆ ಒಂದು ವರ್ಷ ಮೊದಲು ‘ವುಲ್ಫನ್‌ಸ್ಟೈನ್’ ಬಂದಿದ್ದಿತು. ಪೈಲಟರ ಕೋಣೆಯಲ್ಲಿದ್ದ ಬೇನೆ ಈ ಎರಡು ಆಟಗಳೊಡನೆ ಮನೆಮನೆಗೂ ಬಂದಿತು. ಡೂಮ್ ಆಡಿದವರ ವಾಕರಿಕೆಗೆ ಆಟದ ಹೆಸರನ್ನೇ ಇಟ್ಟು ಕರೆದದ್ದೂ ಉಂಟು.

ಇಲ್ಲೊಂದು ಸಂಶಯ ಬರುವುದು ಸಹಜ. ಆಗುಂಬೆ ಘಟ್ಟದ ೧೪ ಕಡಿದಾದ ತಿರುವುಗಳಲ್ಲಿ ಪ್ರಯಾಣಿಕರು ಕಿಟಕಿಗೆ ತಲೆ ಹಾಕಿದರೂ ಚಾಲಕನು ವೀಳೆಯವನ್ನು ಅಗಿಯುತ್ತ ಕುಳಿತಿರುತ್ತಾನೆ. ಮುಂದೆ ಬರುವ ತಿರುವನ್ನು ಅವನು ಬಲ್ಲ. ಚಕ್ರ ತಿರುಗಿಸುವ ಮೊದಲೇ ಅವನ ಮೈ ವಾಲಿರುತ್ತದೆ. ಹಾಗಾದರೆ ಆಟವಾಡುವವನೂ ಚಾಲಕನೇ ಅಲ್ಲವೆ, ಅವನಿಗೇಕೆ ಬೇನೆ? ಅವನದು ಅರ್ಧ ಚಾಲಕತನ. ತಿರುವನ್ನು ಕೈ ಬಲ್ಲುದು, ಮೈ ಅರಿಯದು. ಆದರೂ ಆ ಅರ್ಧಕ್ಕೂ ಬೆಲೆಯುಂಟು. ಆಡುವವನ ಪಕ್ಕದಲ್ಲಿ ಸುಮ್ಮನೆ ನೋಡುತ್ತ ಕುಳಿತವನಿಗೆ ಅನೇಕ ವೇಳೆ ತಲೆ ಹೆಚ್ಚು ಸುತ್ತುತ್ತದೆ. ಪ್ರಥಮ ಪುರುಷದ ಆಟದಲ್ಲಿ ತೊಂದರೆ ಕಡಮೆಯಾಗುವುದು ಇನ್ನೊಂದು ಕಾರಣದಿಂದ: ತೆರೆಯ ನಡುವೆ ನಾಯಕನ ಬೆನ್ನು ಸ್ಥಿರವಾಗಿ ನಿಂತಿರುತ್ತದೆ; ಲೋಕ ಸುತ್ತಿದರೂ ಕಣ್ಣಿಗೆ ಆತುಕೊಳ್ಳಲು ಒಂದು ಕಂಬವಿರುತ್ತದೆ.

ಕಂಬವನ್ನು ನೆಡುವ ಬಗೆ

ಪರಿಹಾರಗಳಲ್ಲಿ ಅರ್ಧ ಈ ಕಂಬದ ತತ್ತ್ವವೇ. ಕಥಕ್ ನೃತ್ಯದಲ್ಲಿ ಚಕ್ಕರ್ ಹಾಕುವವರು ಎದುರಿನ ಒಂದು ಬಿಂದುವಿನಲ್ಲಿ ದೃಷ್ಟಿಯನ್ನು ನೆಟ್ಟು, ಮೈ ಸುತ್ತಿದರೂ ದೃಷ್ಟಿಯನ್ನು ಮತ್ತೆ ಮತ್ತೆ ಅಲ್ಲಿಗೇ ತರುತ್ತಾರೆ. ೨೦೦೮ರಲ್ಲಿ ಬಂದ ‘ಮಿರರ್ಸ್ ಎಡ್ಜ್’ ಆಟ ಮಹಡಿಯಿಂದ ಮಹಡಿಗೆ ಹಾರಿ ಓಡುವ ಹುಡುಗಿಯ ಕಣ್ಣಿನ ಕಥೆ. ಸ್ವೀಡನ್ನಿನ ಅದರ ನಿರ್ಮಾಪಕರು ತೆರೆಯ ನಟ್ಟನಡುವೆ ಒಂದು ಸಣ್ಣ ಚುಕ್ಕೆಯನ್ನಿಟ್ಟರು. ಅದು ಗುರಿಯಿಡುವುದಕ್ಕಲ್ಲ, ಆಡುವವನ ಕಣ್ಣು ಆತುಕೊಳ್ಳುವುದಕ್ಕೆ.

ಇನ್ನೂ ರಸವತ್ತಾದದ್ದು ಮೂಗಿನ ಕಥೆ. ಹಗಲೆಲ್ಲ ನಮ್ಮ ನೋಟದ ಅಂಚಿನಲ್ಲಿ ನಮ್ಮ ಮೂಗು ಇದ್ದೇ ಇರುತ್ತದೆ; ನಾವು ಲಕ್ಷಿಸುವುದಿಲ್ಲ. ಕಣ್ಣಿಗೆ ಕಟ್ಟಿಕೊಳ್ಳುವ ಮಾಯಾದರ್ಶಕಗಳಲ್ಲಿ, ಎಂದರೆ ವರ್ಚುಯಲ್ ರಿಯಾಲಿಟಿಯಲ್ಲಿ, ಮೂಗೇ ಇಲ್ಲ. ೨೦೧೫ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಚಿತ್ರದೊಳಗೆ ಒಂದು ಕೃತಕ ಮೂಗನ್ನು ಬರೆದು ಸೇರಿಸಿದರು. ಬಂಗಲೆಯೊಂದರಲ್ಲಿ ಅಡ್ಡಾಡುವ ಆಟದಲ್ಲಿ ಮೂಗುಳ್ಳವರು ಮೂಗಿಲ್ಲದವರಿಗಿಂತ ಸರಾಸರಿ ಒಂದೂವರೆ ನಿಮಿಷ ಹೆಚ್ಚು ತಾಳಿದರು. ಏರಿಳಿಯುವ ಜಾತ್ರೆಯ ರೈಲಿನ ಆಟದಲ್ಲಿ ಲಾಭ ಎರಡು ಸೆಕೆಂಡಿನಷ್ಟು ಮಾತ್ರ. ಅಲ್ಲಿ ಮೂಗಿದೆಯೆಂಬುದೇ ಆಡಿದವರ ಗಮನಕ್ಕೆ ಬಂದಿರಲಿಲ್ಲ. ಎಲ್ಲವನ್ನೂ ತನ್ನ ಮೂಗಿನ ನೇರಕ್ಕೇ ನೋಡುವವನನ್ನು ನಾವು ನಿಂದಿಸುತ್ತೇವೆ. ಮೂಗಿನ ನೇರವೇ ಇಲ್ಲದ ನೋಟವೂ ಮನುಷ್ಯನಿಗೆ ಸಲ್ಲದೆಂದು ಈ ಪ್ರಯೋಗ ಹೇಳುವಂತಿದೆ.

ಎರಡನೆಯ ಸಂಗತಿ ನೋಟದ ಹರವು. ಎರಡು ಅಡಿ ದೂರದಲ್ಲಿ ಕುಳಿತವನಿಗೆ ಅರ್ಧ ಮೀಟರು ಅಗಲದ ತೆರೆ ಸುಮಾರು ೪೫ ಡಿಗ್ರಿಯ ಕಿಟಕಿ. ಆ ಕಿಟಕಿಯೊಳಗೆ ಆಟ ಎಷ್ಟು ಡಿಗ್ರಿಯ ಲೋಕವನ್ನು ತುಂಬುತ್ತದೆ ಎಂಬುದಕ್ಕೆ ಫೀಲ್ಡ್ ಆಫ್ ವ್ಯೂ ಎಂಬ ಹೊಂದಿಕೆಯುಂಟು. ದೂರದ ಸೋಫಾದಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ಆಡುವವರಿಗೆಂದು ಅದನ್ನು ೬೦ರಷ್ಟು ಕಿರಿದಾಗಿಟ್ಟ ಆಟವನ್ನು ಮೇಜಿನ ಮುಂದೆ ಆಡಿದರೆ, ದುರ್ಬೀನಿನಲ್ಲಿ ನೋಡುತ್ತ ನಡೆದಂತಾಗುತ್ತದೆ; ಅನೇಕರಿಗೆ ೯೦ರ ಆಸುಪಾಸಿಗೆ ಹಿಗ್ಗಿಸಿದರೆ ಹಾಯೆನಿಸುತ್ತದೆ. ಮಾಯಾದರ್ಶಕದಲ್ಲಿ ಇದರ ತಿರುಗುಮುರುಗು. ಅಲ್ಲಿ ಅಂಚಿನಲ್ಲಿ ಹರಿಯುವ ಚಿತ್ರವೇ ಹುಸಿ ಚಲನೆಯನ್ನು ಹುಟ್ಟಿಸುವುದು. ೨೦೧೬ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಫರ್ನಾಂಡಿಸ್ ಮತ್ತು ಫೈನರ್ ಅವರು, ಚಲಿಸುವಾಗ ಮಾತ್ರ ಅಂಚನ್ನು ಮೆಲ್ಲಗೆ ಕತ್ತಲೆ ಮಾಡಿದರೆ ಬೇನೆ ಕಡಮೆಯಾಗುವುದೆಂದು ತೋರಿಸಿದರು.

ಉಳಿದ ಉಪಾಯಗಳನ್ನು ಬೇಗ ಹೇಳಬಹುದು. ನಡೆಯುವಾಗ ನೋಟ ಮೇಲೆ ಕೆಳಗೆ ತೂಗುವ ಹೆಡ್ ಬಾಬ್, ತಿರುಗುವಾಗ ಚಿತ್ರ ಕಲಸುವ ಮೋಷನ್ ಬ್ಲರ್ ಇವೆರಡನ್ನೂ ಆರಿಸಬೇಕು. ಚಿತ್ರ ತಡವರಿಸದಷ್ಟು ವೇಗವಾಗಿ ಬರುವಂತೆ ಯಂತ್ರವನ್ನು ಹೊಂದಿಸಬೇಕು. ೨೦೧೬ರಲ್ಲಿ ಬಂದ ಆಕ್ಯುಲಸ್ ರಿಫ್ಟ್ ಮತ್ತು ವೈವ್ ಮಾಯಾದರ್ಶಕಗಳು ಸೆಕೆಂಡಿಗೆ ೯೦ ಚಿತ್ರಗಳನ್ನು ತೋರಿಸಿದ್ದು ಇದಕ್ಕಾಗಿಯೇ. ಕೋಣೆಯಲ್ಲಿ ದೀಪವಿರಲಿ, ತೆರೆಯ ಆಚೆಗಿನ ಗೋಡೆ ಕಣ್ಣಿಗೆ ಕಾಣುತ್ತಿರಲಿ. ಮುಖ್ಯವಾದದ್ದು, ಮೊದಲ ಆಕಳಿಕೆಗೇ ನಿಲ್ಲಿಸಬೇಕು. ಹಟದಿಂದ ಮುಂದುವರಿಸಿದರೆ ಮಿದುಳು ಆ ಆಟಕ್ಕೂ ವಾಕರಿಕೆಗೂ ಗಂಟು ಹಾಕಿಬಿಡಬಹುದು. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಆಡಿದರೆ ಬಹು ಜನರಿಗೆ ರೂಢಿಯಾಗುತ್ತದೆ, ಎಲ್ಲರಿಗೂ ಅಲ್ಲ. ಶುಂಠಿ ಕೆಲವರಿಗೆ ಹಿತ. ಪ್ರಯಾಣದ ಮಾತ್ರೆಗಳು ನಿದ್ದೆ ತರುವಂಥವು. ವೈದ್ಯರನ್ನು ಕೇಳದೆ ಆಟಕ್ಕೋಸ್ಕರ ನುಂಗತಕ್ಕವಲ್ಲ. ತಲೆ ಸುತ್ತಿದ ಮೇಲೆ ಪೂರ್ತಿ ತಿಳಿಯಾಗುವವರೆಗೆ ವಾಹನ ನಡೆಸಬಾರದು. ಆಟವಿಲ್ಲದೆಯೇ ತಲೆ ಸುತ್ತುತ್ತಿದ್ದರೆ ಅದು ಬೇರೆಯೇ ಕಥೆ. ಅದಕ್ಕೆ ವೈದ್ಯರೇ ಬೇಕು.

ಇದನ್ನೆಲ್ಲ ಅಣ್ಣನ ಮಗನಿಗೆ ಕಾಗದದಲ್ಲಿ ಬರೆದು ಕಳುಹಿಸಿದೆನು. ಈಜು ಬಾರದವನು ದೋಣಿ ಕಟ್ಟಿದಂತೆ ಎಂದನಲ್ಲ. ಮುಳುಗುವ ಹೆದರಿಕೆಯುಳ್ಳವನು ಕಟ್ಟಿದ ದೋಣಿಯಲ್ಲಿ ನಾನು ನಿಶ್ಚಿಂತೆಯಿಂದ ಕೂರುತ್ತೇನೆ ಎಂದೂ ಬರೆದೆನು. ಅವನೀಗ ಒಂದು ಪುಸ್ತಕವಿಟ್ಟಿದ್ದಾನೆ. ದಿನವೂ ಹತ್ತು ನಿಮಿಷ ಆಡುತ್ತಾನೆ. ಯಾವ ಓಣಿಯಲ್ಲಿ, ಯಾವ ವೇಗದಲ್ಲಿ, ಯಾವ ತಿರುವಿನಲ್ಲಿ ಮೊದಲ ಆಕಳಿಕೆ ಬಂದಿತೆಂದು ಬರೆಯುತ್ತಾನೆ. ಗಟ್ಟಿ ಹೊಟ್ಟೆಯ ಗೆಳೆಯರು ಬರೆಯಲಾರದ ಪುಸ್ತಕ ಅದು. ಯೋಜನೆಗೆ ಅದನ್ನೇ ವಿಷಯ ಮಾಡಿಕೊಳ್ಳಲು ಅವನ ಅಧ್ಯಾಪಕರು ಒಪ್ಪಿದ್ದಾರೆ. ಬ್ಯಾಂಕಿನ ಪರೀಕ್ಷೆಯ ಪುಸ್ತಕಗಳೂ ಮೇಜಿನ ಮೇಲೆ ಇವೆ. ಅವುಗಳನ್ನು ತೆಗೆದಿಡು ಎಂದು ನಾನು ಹೇಳಿಲ್ಲ.

ಕೊನೆಗೆ ಅಧ್ಯಾಪಕ ಮಿತ್ರರಲ್ಲಿ ಒಂದು ಅರಿಕೆ. ಮಾಯಾದರ್ಶಕಗಳು ಆಟದ ಕೋಣೆಯಿಂದ ಪಾಠದ ಕೋಣೆಗೂ ಬರುತ್ತಿವೆ. ಹೃದಯದೊಳಗೆ ನಡೆದಾಡಿಸಿ ಶರೀರಶಾಸ್ತ್ರವನ್ನೂ, ಹಾಳಾದ ಪಟ್ಟಣದೊಳಗೆ ನಡೆದಾಡಿಸಿ ಚರಿತ್ರೆಯನ್ನೂ ಕಲಿಸುವ ಆಸೆ ಒಳ್ಳೆಯದೇ. ಆದರೆ ಒಂದೇ ತಿರುವಿಗೆ ಎಲ್ಲ ಹೊಟ್ಟೆಗಳೂ ಒಂದೇ ಬಗೆಯಲ್ಲಿ ಸ್ಪಂದಿಸುವುದಿಲ್ಲ. ಎರಡು ವರ್ಷದೊಳಗಿನ ಕೂಸುಗಳಿಗೆ ಚಲನೆಯ ಬೇನೆ ಅಪರೂಪ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅದು ಏರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚೆಂದು ಅನೇಕ ಸಮೀಕ್ಷೆಗಳು ಹೇಳುತ್ತವೆ. ಹಾಗಿರುವಾಗ ತರಗತಿಯಲ್ಲಿ ಒಬ್ಬ ಹುಡುಗಿ ಐದು ನಿಮಿಷಕ್ಕೇ ದರ್ಶಕವನ್ನು ಬಿಚ್ಚಿಟ್ಟರೆ ಅವಳನ್ನು ಸೋಮಾರಿಯೆಂದು ಬರೆದುಕೊಳ್ಳಬೇಡಿ. ಅದೇ ಪಾಠ ಅವಳಿಗೆ ಚಿತ್ರಪಟದಲ್ಲಿಯೂ ಪುಸ್ತಕದಲ್ಲಿಯೂ ದೊರೆಯುವಂತಿರಲಿ. ಪುಸ್ತಕದಲ್ಲಿ ‘ನಾನು’ ಎಂದು ಓದುತ್ತ ಅವಳು ಕಡಲನ್ನು ದಾಟಬಲ್ಲಳು, ಕೋಟೆಯನ್ನು ಹತ್ತಬಲ್ಲಳು. ಅಲ್ಲಿ ಚಿತ್ರವನ್ನು ಕಟ್ಟುವವಳು ಅವಳೇ ಆದ್ದರಿಂದ, ತಿರುವು ಬರುವ ಮೊದಲೇ ಅವಳ ಮನಸ್ಸು ವಾಲಿರುತ್ತದೆ. ಆ ಬಂಡಿಗೆ ಚಾಲಕಿ ಅವಳೇ.